ಹಳಿ ಕೊಳ್ಳೋದಾ, ಕೂತು ಕಟ್ಟೋದಾ? ಮೀಟರ್ ಗೇಜ್ ಮಾಡೆಲ್ ಮಾಡುವವರಿಗೆ

ಮಾಡೆಲ್ ರೈಲಿನ ಹುಚ್ಚು ಹತ್ತಿದವರು ದುಡ್ಡೆಲ್ಲ ಇಂಜಿನ್ ಮೇಲೆ ಸುರಿಯುತ್ತೇವೆ. ಹಳಿ ಮಾತ್ರ ಡಬ್ಬದಲ್ಲಿ ಬಂದದ್ದೇ. ನಾನೂ ಹಾಗೇ ಇದ್ದೆ. ಮೀಟರ್ ಗೇಜಿನ ವೈಡಿಎಂ-4 ಡೀಸೆಲ್ ಇಂಜಿನ್ನಿನ ಬಾಡಿಗೆ ಮೂರು ಸಲ ಬಣ್ಣ ಹೊಡೆದು, ಕಿಟಕಿಗೆ ಗಾಜು ಕೂರಿಸಿ, ನಂಬರ್ ಅಂಟಿಸಿ, ಫೋಟೊ ತೆಗೆದು ಅಣ್ಣನಿಗೆ ಕಳಿಸಿದೆ. ಅವನು ಓದುವ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿ ದಿನಾ ಓಡಾಡಿದವನು. "ಇಂಜಿನ್ ಚೆನ್ನಾಗಿದೆ ಮಾರಾಯ, ಆದರೆ ಹಳಿ ಆಟದ ಸಾಮಾನಿನದ್ದು ಅಲ್ವಾ?" ಅಂದ. ಒಂದೇ ಫೋಟೊ, ಮೊಬೈಲಿನಲ್ಲಿ, ಅದೂ ಕನ್ನಡಕ ಇಲ್ಲದೆ.

ಅವನ ಕಣ್ಣಿಗೆ ಕುಟುಕಿದ್ದೇನು ಅಂತ ವರ್ನಿಯರ್ ಹಿಡಿದು ಕೂತೆ. ಆಗ ಇಂಜಿನ್ನನ್ನು ತಾತ್ಕಾಲಿಕವಾಗಿ 16.5 ಮಿಮೀ ಗೇಜಿನ ಚಾಸಿ ಮೇಲೆ ಕೂರಿಸಿದ್ದೆ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಗಲ. ಕೆಳಗಿದ್ದದ್ದು ಕೋಡ್ 100 ಹಳಿ. ಈ ಕೋಡ್ ಅಂದರೆ ಹಳಿಯ ಎತ್ತರ, ಇಂಚಿನ ಸಾವಿರದ ಭಾಗದಲ್ಲಿ. ಕೋಡ್ 100 ಅಂದರೆ 2.54 ಮಿಮೀ. ಎಚ್‌ಒ ಸ್ಕೇಲಿನಲ್ಲಿ, ಅಂದರೆ 1:87ರಲ್ಲಿ, ಅದನ್ನು ಗುಣಿಸಿದರೆ 221 ಮಿಮೀ ಎತ್ತರದ ಹಳಿ. ಇವತ್ತು ವಂದೇ ಭಾರತ್ ಓಡುವ, ಮೀಟರಿಗೆ 60 ಕೆಜಿ ತೂಗುವ ಹಳಿಯೇ 172 ಮಿಮೀ. ಹಳೇ ಮೀಟರ್ ಗೇಜ್ ಲೈನಿನ, ಗಜಕ್ಕೆ 60 ಪೌಂಡ್ ತೂಗುವ ಹಳಿ ಬರೀ 114 ಮಿಮೀ. ಅಂದರೆ ನನ್ನ ಹಳಿ ನಿಜದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ. ಜೊತೆಗೆ ಒಂದು ಮೀಟರ್ ಅಗಲ ಇರಬೇಕಾದದ್ದು ಹೆಚ್ಚುಕಡಿಮೆ ಒಂದೂವರೆ ಅಡಿ ಜಾಸ್ತಿ ಅಗಲ ಅನ್ನುವ ಹಾಗೆ 1435 ಮಿಮೀ ಆಗಿ ಕೂತಿತ್ತು. ಅಣ್ಣನದ್ದೇನೂ ತಪ್ಪಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ನಾಲ್ಕೈದು ರೀತಿಯ ಹಳಿ ಕಟ್ಟಿ ನೋಡಿದ್ದೇನೆ. ಕೆಲವು ಕಸದ ಬುಟ್ಟಿಗೆ ಹೋದವು. ಯಾವುದು ಯಾರಿಗೆ ಸರಿ ಅಂತ ಬರೆಯುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ: ಎರಡಡಿ ದೂರದಿಂದ ನೋಡುವ ಕಣ್ಣಿಗೆ ಕಾಣುವುದು ಹಳಿಯ ಎತ್ತರ, ಹಳಿಯಡಿಯ ಅಡ್ಡ ತೊಲೆಗಳಾದ ಸ್ಲೀಪರ್‌ಗಳ ನಡುವಿನ ಅಂತರ, ಆಮೇಲೆ ಪಾಯಿಂಟಿನ, ಅಂದರೆ ಹಳಿ ಎರಡಾಗಿ ಕವಲೊಡೆಯುವ ಜಾಗದ, ಕೋನ. ಮೊಳೆ, ಬೋಲ್ಟು, ಕ್ಲಿಪ್ಪು ಇವೆಲ್ಲ ಕಾಣುವುದು ಮ್ಯಾಕ್ರೊ ಲೆನ್ಸಿಗೆ ಮಾತ್ರ. ಬಹಳ ಜನ ಇದನ್ನು ತಲೆಕೆಳಗು ಮಾಡಿಕೊಂಡು, ಮೊಳೆ ಹಿಂದೆ ಬಿದ್ದು, ಆರು ತಿಂಗಳಲ್ಲಿ ಒಂದಡಿ ಹಳಿ ಕಟ್ಟಿ, ಸಾಕಪ್ಪಾ ಅಂತ ಬಿಟ್ಟುಬಿಡುತ್ತಾರೆ.

ಮೊದಲು ಗೇಜ್ ತೀರ್ಮಾನ ಮಾಡಿ

ಇದು ತೀರ್ಮಾನ ಆದರೆ ಅರ್ಧ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ನಮ್ಮ ಬ್ರಾಡ್ ಗೇಜ್ 1676 ಮಿಮೀ. 1:87ಕ್ಕೆ ಇಳಿಸಿದರೆ 19.26 ಮಿಮೀ ಬರಬೇಕು. ಅಂಗಡಿಯಲ್ಲಿ ಸಿಗುವುದು 16.5. ನಮ್ಮಲ್ಲಿ ಬ್ರಾಡ್ ಗೇಜ್ ಮಾಡೆಲ್ ಮಾಡುವ ಬಹುಪಾಲು ಜನ ಆ 16.5ರಲ್ಲೇ ಖುಷಿಯಾಗಿದ್ದಾರೆ. ಮುಂದಿನಿಂದ ನೋಡಿದರೆ ಕೋಚು ಸ್ವಲ್ಪ ಕಾಲು ಕೂಡಿಸಿ ನಿಂತ ಹಾಗೆ ಕಾಣುತ್ತದೆ, ಅಷ್ಟೇ. ಅದನ್ನು ಸಹಿಸಲಾರೆ ಅನ್ನುವವರಿಗೆ ಕೈಯಲ್ಲಿ ಕಟ್ಟುವುದು ಬಿಟ್ಟು ದಾರಿಯೇ ಇಲ್ಲ. ಬ್ರಿಟನ್ನಿನವರದ್ದೂ ಇದೇ ಕಥೆ. ಅವರ ಒಒ ಮಾಡೆಲ್ 1:76 ಸ್ಕೇಲು, ಹಳಿ ಮಾತ್ರ ಎಚ್‌ಒ ಅಳತೆಯ 16.5. ಅದು ಸಹಿಸದ ಜನ 18.2 ಮಿಮೀ ಇಎಂ ಕಡೆಗೂ, ಇನ್ನೂ ಹಟವಾದಿಗಳು 18.83 ಮಿಮೀ ಪಿ4 ಕಡೆಗೂ ಹೋದರು. ಹಳಿ ಕೈಯಲ್ಲಿ ಕಟ್ಟುವ ವಿದ್ಯೆ ಅಷ್ಟು ಬೆಳೆದದ್ದರಲ್ಲಿ ಆ ಹಟದ ಪಾಲು ದೊಡ್ಡದು.

ಮೀಟರ್ ಗೇಜಿನವರು ಅದೃಷ್ಟವಂತರು. 1000 ಮಿಮೀ ಅಂದರೆ ಎಚ್‌ಒ ಸ್ಕೇಲಿನಲ್ಲಿ 11.5 ಮಿಮೀ. ಸಿಗುವುದು 12 ಮಿಮೀ. ಅರ್ಧ ಮಿಲಿಮೀಟರ್ ವ್ಯತ್ಯಾಸ ನಿಮ್ಮ ಅಣ್ಣನಿಗೂ ಕಾಣಲ್ಲ. ಹಳೇ ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರದ ನ್ಯಾರೋ ಗೇಜ್ ಮಾಡಬೇಕು ಅನ್ನುವವರಿಗೂ ಚಿಂತೆ ಇಲ್ಲ. 762 ಮಿಮೀ ಅಂದರೆ 8.76, ಎನ್ ಗೇಜಿನ 9 ಮಿಮೀ ಹಳಿ ಸರಿಹೋಗುತ್ತದೆ.

ನಾನು ಕಟ್ಟುತ್ತಿರುವುದು ಅರಸಾಳಿನಂಥ ಒಂದು ಸಣ್ಣ ಸ್ಟೇಷನ್ನು. ಒಂದು ಮೇನ್ ಲೈನ್, ಗಾಡಿ ಪಕ್ಕಕ್ಕೆ ನಿಲ್ಲಲು ಒಂದು ಲೂಪ್, ವ್ಯಾಗನ್ ನಿಲ್ಲಿಸಲು ಒಂದು ಸೈಡಿಂಗ್. ಹಾಗಾಗಿ ಮುಂದಿನ ಲೆಕ್ಕವೆಲ್ಲ 12 ಮಿಮೀ ಗೇಜಿನದ್ದು. ಬ್ರಾಡ್ ಗೇಜಿನವರು ಅಂಕಿ ಬದಲಿಸಿಕೊಳ್ಳಿ, ವಾದ ಅದೇ.

ರೆಡಿ ಫ್ಲೆಕ್ಸ್ ಟ್ರ್ಯಾಕ್

ಬೇಕಾದ ಹಾಗೆ ಬಗ್ಗಿಸಿ ಹಾಕುವ ಈ ರೆಡಿ ಹಳಿಯನ್ನು ಬೈಯುವುದು ಒಂದು ಫ್ಯಾಷನ್ ಆಗಿದೆ, ನಾನು ಬೈಯಲ್ಲ. ಬ್ರಿಟನ್ನಿನ ಮಾಡೆಲ್ ಹಳಿ ಕಂಪನಿ ಪೆಕೊದವರ ಮೀಟರ್ ಗೇಜಿನ 12 ಮಿಮೀ ಎಚ್‌ಒಎಂ ಹಳಿ ಕೋಡ್ 75. ಅಂದರೆ 166 ಮಿಮೀ. ಹಳೇ ಮೀಟರ್ ಗೇಜಿಗೆ ಇನ್ನೂ ಎತ್ತರವೇ, ಆದರೆ ಬದಿಗೆ ತುಕ್ಕಿನ ಬಣ್ಣ ಹೊಡೆದು ಜಲ್ಲಿ ಹಾಕಿದ ಮೇಲೆ ಪರವಾಗಿಲ್ಲ ಅನಿಸುತ್ತದೆ. ಸುರಂಗದ ಒಳಗೆ, ಹಿಂದಿನ ಗೋಡೆ ಕಡೆ, ಗಾಡಿ ಮುಚ್ಚಿಡುವ ಜಾಗದಲ್ಲಿ ಕೈಯಲ್ಲಿ ಕಟ್ಟಿದ ಹಳಿ ಹಾಕುವವನಿಗೆ ಕೆಲಸ ಇಲ್ಲ ಅಂತಲೇ ಅರ್ಥ. ಕಾಣದ ಕಡೆ ರೆಡಿ ಹಳಿ. ಇದರಲ್ಲಿ ಚರ್ಚೆಯೇ ಬೇಡ.

ಇದರ ಸೋಲು ಇರುವುದು ಪಾಯಿಂಟಿನಲ್ಲಿ. ಪೆಕೊದ ಕೋಡ್ 100, ಕೋಡ್ 75 ಸ್ಟ್ರೀಮ್‌ಲೈನ್ ಪಾಯಿಂಟುಗಳ ಕೋನ 12 ಡಿಗ್ರಿ. ನಮ್ಮ ಲೆಕ್ಕದಲ್ಲಿ ಅದು ಸುಮಾರು 1:4.7, ಅಂದರೆ 4.7 ಅಡಿ ಮುಂದೆ ಹೋದಾಗ ಒಂದು ಅಡಿ ಪಕ್ಕಕ್ಕೆ. ನಮ್ಮ ರೈಲ್ವೆಯಲ್ಲಿ ಸಾಮಾನ್ಯ ಪಾಯಿಂಟು 1:8½ ಅಥವಾ 1:12. 1:8½ ಅಂದರೆ ಏಳು ಡಿಗ್ರಿಗೂ ಕಡಿಮೆ. ಲೂಪಿಗೆ ತಿರುಗುವ ಗಾಡಿ ನಿಧಾನಕ್ಕೆ ಜಾರಿಕೊಂಡು ಹೋಗಬೇಕು, ಆ ನೋಟ 12 ಡಿಗ್ರಿಯಲ್ಲಿ ಬರುವುದಿಲ್ಲ. ಆಟೋ ಸಂದಿಗೆ ನುಗ್ಗಿದ ಹಾಗೆ ಗಾಡಿ ಸರಕ್ಕನೆ ತಿರುಗುತ್ತದೆ.

ಒಂದು ಕಳ್ಳ ದಾರಿ

ಇದು ಯಾರೂ ಹೇಳಿಕೊಡದೆ ಲೆಕ್ಕ ಹಾಕುವಾಗ ಸಿಕ್ಕಿದ್ದು, ಹಾಗಾಗಿ ಸ್ವಲ್ಪ ಜಂಬ ಇದೆ. ಟಿಟಿ ಸ್ಕೇಲ್ ಅಂದರೆ 1:120. ಅದರ ಗೇಜೂ 12 ಮಿಮೀ. ಅದು ದೊಡ್ಡ ಗೇಜಿನ ರೈಲಿನ ಮಾಡೆಲ್ ಆದ್ದರಿಂದ ನಮಗಾಗಲ್ಲ ಅಂತ ಎಲ್ಲರೂ ಪಕ್ಕಕ್ಕಿಡುತ್ತಾರೆ. ಆದರೆ ನೋಡಿ. ಬ್ರಿಟನ್ನಿನ ಸ್ಲೀಪರ್ ಎಂಟೂವರೆ ಅಡಿ, 1:120ಕ್ಕೆ ಇಳಿಸಿದರೆ 21.6 ಮಿಮೀ ಉದ್ದ. ನಮ್ಮ ಮೀಟರ್ ಗೇಜ್ ಮರದ ಸ್ಲೀಪರ್ 1800 ಮಿಮೀ ಉದ್ದ, 200 ಅಗಲ, 115 ದಪ್ಪ. 1:87ಕ್ಕೆ ಇಳಿಸಿದರೆ 20.7 ಉದ್ದ. ಒಂದು ಮಿಮೀ ಆಚೀಚೆ! ಪೆಕೊದ ಟಿಟಿ ಹಳಿ ಕೋಡ್ 55, ಅಂದರೆ ನಮ್ಮ ಸ್ಕೇಲಿನಲ್ಲಿ 122 ಮಿಮೀ. 60 ಪೌಂಡ್ ಹಳಿ 114, 75 ಪೌಂಡ್ ಹಳಿ 128.6. ಸರಿಯಾಗಿ ನಡುವೆ ಬಂದು ಕೂರುತ್ತದೆ.

ಕೆಟ್ಟಿರುವುದು ಅಂತರ ಮಾತ್ರ. ಟಿಟಿಯಲ್ಲಿ ಸ್ಲೀಪರ್‌ಗಳು ಐದಾರು ಮಿಮೀಗೊಂದು. ನಮ್ಮ ಮೀಟರ್ ಗೇಜಿನಲ್ಲಿ 12 ಮೀಟರ್ ಹಳಿಗೆ 15 ಸ್ಲೀಪರ್ ಅಂತ ಹಿಡಿದರೆ 9.2 ಮಿಮೀಗೊಂದು ಬರಬೇಕು. ಹಾಗಾದರೆ ಏನು ಮಾಡುವುದು? ಹಳಿ ತಿರುವಿ ಹಾಕಿ, ಸ್ಲೀಪರ್‌ಗಳನ್ನು ಜೋಡಿಸಿರುವ ಪ್ಲಾಸ್ಟಿಕ್ ಎಳೆಗಳನ್ನು ಬ್ಲೇಡಿನಿಂದ ಕತ್ತರಿಸಿ, ಒಂದೊಂದನ್ನೇ ಸರಿಸಿ, ಕಾಗದದ ಮೇಲೆ ಗೀಚಿದ ಗುರುತಿಗೆ ಕೂರಿಸಿ ಅಂಟಿಸುವುದು. ಒಂದು ಮೀಟರಿಗೆ ನನಗೆ ಒಂದು ಗಂಟೆ ಹಿಡಿಯಿತು. ಒಂದು ಗಜದ ಹಳಿಯಿಂದ ಒಂದೂವರೆ ಗಜಕ್ಕಿಂತ ಜಾಸ್ತಿಗೆ ಆಗುವಷ್ಟು ಸ್ಲೀಪರ್ ಸಿಗುತ್ತದೆ, ಹಳಿಯ ಕಂಬಿ ಮಾತ್ರ ಬೇರೆ ಬೇಕು. ಸೋಲ್ಡರ್ (ತವರದ ಬೆಸುಗೆ) ಹಿಡಿಯಲು ಭಯ ಇರುವವರು ಇಲ್ಲಿಗೇ ನಿಲ್ಲಿಸಿದರೂ ನಷ್ಟ ಇಲ್ಲ. ಆದರೆ ಪಾಯಿಂಟಿನ ಸಮಸ್ಯೆ ಹಾಗೇ ಉಳಿಯುತ್ತದೆ.

ತಾಮ್ರದ ಬೋರ್ಡಿನ ಸ್ಲೀಪರ್

ಇನ್ನು ನಿಜವಾದ ಕೈಕೆಲಸ. ಸರ್ಕ್ಯೂಟ್ ಬೋರ್ಡ್ ಮಾಡಲು ಬಳಸುವ, ಒಂದು ಬದಿಗೆ ತಾಮ್ರ ಬಳಿದ ಹಾಳೆ ಗೊತ್ತಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೂ ಸಿಗುತ್ತದೆ. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸ್ಲೀಪರ್ ಮಾಡಿ, ಹಳಿಯನ್ನು ನೇರವಾಗಿ ತಾಮ್ರಕ್ಕೆ ಸೋಲ್ಡರ್ ಮಾಡುವುದು. ಆರಿಂಚು ನಾಲ್ಕಿಂಚಿನ ಒಂದು ಬೋರ್ಡಿನಲ್ಲಿ ಗರಗಸದಲ್ಲಿ ಹೋಗುವ ಪುಡಿ ಬಿಟ್ಟು ಸುಮಾರು 200 ಸ್ಲೀಪರ್ ಹೊರಡುತ್ತದೆ.

ಅಂಗಡಿಯವರು ಎರಡು ಬಗೆ ತೋರಿಸುತ್ತಾರೆ. ಕಂದು ಬಣ್ಣದ ಹೈಲಂ ಬೋರ್ಡು ಅಗ್ಗ, ಕತ್ತರಿಸಲು ಸುಲಭ. ಆದರೆ ಎರಡನೇ ಸಲ ಬಿಸಿ ಮಾಡಿದರೆ ತಾಮ್ರ ಸಿಪ್ಪೆ ಥರ ಎದ್ದು ಬರುತ್ತದೆ, ಮತ್ತು ಎರಡನೇ ಸಲ ಬಿಸಿ ಮಾಡದೆ ಯಾರೂ ಹಳಿ ಕಟ್ಟಿಲ್ಲ. ಹಸಿರು ಛಾಯೆಯ ಗ್ಲಾಸ್ ಫೈಬರ್ ಬೋರ್ಡನ್ನೇ ತಗೊಳ್ಳಿ, 1.6 ಮಿಮೀ ದಪ್ಪದ್ದು. ಕತ್ತರಿಸುವಾಗ ಮಾಸ್ಕ್ ಹಾಕಿ, ಗರಗಸ ಆಡುವ ಜಾಗ ಒದ್ದೆ ಮಾಡಿಕೊಳ್ಳಿ. ಆ ಪುಡಿ ಗಾಜಿನದ್ದು, ಮೂಗಿಗೂ ಚರ್ಮಕ್ಕೂ ಆಗಿಬರಲ್ಲ.

ಕೂರಿಸುವ ಕ್ರಮ ಹೀಗೆ. ಕಾಗದದ ಮೇಲೆ ಹಳಿಯ ನಕ್ಷೆ ತೆಗೆದು, ಅದರ ಮೇಲೆ ಎರಡು ಬದಿ ಅಂಟಿನ ಟೇಪು ಹಾಕಿ, ಸ್ಲೀಪರ್ ಜೋಡಿಸಿ. ತಾಮ್ರಕ್ಕೆ ಮೊದಲೇ ತೆಳುವಾಗಿ ಸೋಲ್ಡರ್ ಬಳಿದಿಡಿ. ಒಂದು ಕಡೆಯ ಹಳಿಯನ್ನು ಗೆರೆ ಮೇಲೆ ಇಟ್ಟು, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್) ಸವರಿ, ಸೋಲ್ಡರಿಂಗ್ ಐರನ್ನಿನ ತುದಿಯನ್ನು ಹಳಿಗೂ ತಾಮ್ರಕ್ಕೂ ಒಟ್ಟಿಗೆ ತಾಗಿಸಿ. ಎರಡು ಸೆಕೆಂಡಿನಲ್ಲಿ ಸೋಲ್ಡರ್ ಹಳಿಯ ಪಾದದ ಕೆಳಗೆ ಓಡಿ ಮಿಂಚುತ್ತದೆ. ಆ ಮಿಂಚು ಕಂಡ ಕೂಡಲೇ ಕೈ ತೆಗೆಯಬೇಕು. ಪಕ್ಕದ ಸ್ಲೀಪರಿಗೆ ತಕ್ಷಣ ಹೋಗಬೇಡಿ, ಹಿಂದಿನದ್ದು ಬಿಸಿಗೆ ಬಿಟ್ಟುಕೊಳ್ಳುತ್ತದೆ. ನಾಲ್ಕು ಬಿಟ್ಟು ಐದನೆಯದ್ದು, ಹಾಗೇ ಮುಂದೆ ಹೋಗಿ ಮತ್ತೆ ಹಿಂದೆ ಬನ್ನಿ. ಎರಡನೇ ಹಳಿಯನ್ನು ಗೇಜ್ ತುಂಡು ಹಿಡಿದು ಕೂರಿಸಿ. ಪ್ರತಿ ಐದಾರು ಸ್ಲೀಪರಿಗೆ ಒಂದು ವ್ಯಾಗನ್ ತಳ್ಳಿ ನೋಡಿ, ಕಣ್ಣಿಗಿಂತ ಬೆರಳಿಗೆ ತಪ್ಪು ಬೇಗ ಗೊತ್ತಾಗುತ್ತದೆ. ರೇಡಿಯೋ ರಿಪೇರಿಯ 25 ವಾಟ್ ಐರನ್ ಸಾಲದು, ಹಳಿ ಶಾಖವನ್ನೆಲ್ಲ ಕುಡಿದುಬಿಡುತ್ತದೆ. 50–60 ವಾಟಿನದ್ದು ಇರಲಿ.

ನಾನು ಮಾಡಿದ ಎರಡು ಎಡವಟ್ಟು ಕೇಳಿ. ತಾಮ್ರ ಒಂದು ಹಳಿಯಿಂದ ಇನ್ನೊಂದಕ್ಕೆ ಕರೆಂಟ್ ದಾಟಿಸುತ್ತದೆ, ಹಾಗಾಗಿ ಪ್ರತಿ ಸ್ಲೀಪರಿನ ನಡುವೆ ಅರದಿಂದ ಒಂದು ಗೀರು ಹಾಕಿ ತಾಮ್ರವನ್ನು ತುಂಡು ಮಾಡಬೇಕು. 74 ಸ್ಲೀಪರಿನಲ್ಲಿ ಒಂದಕ್ಕೆ ಹಾಕಿರಲಿಲ್ಲ. ಕರೆಂಟ್ ಕೊಟ್ಟರೆ ಕಂಟ್ರೋಲರ್ ಟಕ್ ಅಂತ ಆಫ್. ಮಲ್ಟಿಮೀಟರ್ ಎರಡೂ ಹಳಿ ಕೂಡಿದೆ ಅಂತ ಹೇಳುತ್ತದೆ, ಎಲ್ಲಿ ಅಂತ ಹೇಳಲ್ಲ. ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಈಗ ಕೂರಿಸುವ ಮೊದಲೇ ಒಂದೊಂದು ಸ್ಲೀಪರನ್ನೂ ಮೀಟರಿನಲ್ಲಿ ಬೀಪ್ ಮಾಡಿ ನೋಡುತ್ತೇನೆ. ಎರಡನೆಯದ್ದು, ಆ್ಯಸಿಡ್ ಫ್ಲಕ್ಸ್ ಬಳಸಿ ತೊಳೆಯದೆ ಊರಿಗೆ ಹೋದದ್ದು. ವಾರ ಬಿಟ್ಟು ಬಂದರೆ ಹಳಿ ತುಂಬ ಹಸಿರು ಪಾಚಿ. ರೋಸಿನ್ ಫ್ಲಕ್ಸ್ ಬಳಸಿ, ಇಲ್ಲವಾದರೆ ಅವತ್ತೇ ಬಿಸಿನೀರು, ಹಲ್ಲುಜ್ಜುವ ಬ್ರಷ್ ಹಾಕಿ ತೊಳೆಯಿರಿ.

ಲಾಭ ಏನೆಂದರೆ, ಗಟ್ಟಿ. ತಪ್ಪಾದರೆ ಬಿಸಿ ಮಾಡಿ ಸರಿಸಬಹುದು. ಮಳೆಗಾಲದಲ್ಲಿ ಉಬ್ಬಲ್ಲ. ಹಳಿಯ ಒಳಬದಿಯಲ್ಲಿ ಮೊಳೆ, ಕುರ್ಚಿ (ಹಳಿಯನ್ನು ಸ್ಲೀಪರಿಗೆ ಹಿಡಿದಿಡುವ ತುಂಡು) ಏನೂ ಇಲ್ಲದ್ದರಿಂದ ಹಳೇ ಮಾಡೆಲ್‌ಗಳ ಆಳವಾದ ಚಕ್ರದಂಚು ಕೋಡ್ 55ರ ಮೇಲೂ ತಡೆಯಿಲ್ಲದೆ ಓಡುತ್ತದೆ. ನಷ್ಟ ಏನೆಂದರೆ, ಎಷ್ಟು ಬಣ್ಣ ಹೊಡೆದರೂ ಅದು ಮರ ಅಲ್ಲ ಅಂತ ಗೊತ್ತಾಗುತ್ತದೆ.

ಮರ ಮತ್ತು ಮೊಳೆ

ಅಮೆರಿಕದವರ ಹಳೇ ಪದ್ಧತಿ ಇದು. ಮರದ ಸ್ಲೀಪರ್ ಅಂಟಿಸಿ, ಹಳಿ ಇಟ್ಟು, ಪುಟ್ಟ ಮೊಳೆ ಒತ್ತುವುದು. ನೋಡಲು ಇದನ್ನು ಮೀರಿಸಿದ್ದು ಇಲ್ಲ, ಮರ ಮರವೇ. ಆದರೆ ಲೆಕ್ಕ ಹಾಕಿ: ಒಂದು ಮೀಟರಿಗೆ 108 ಸ್ಲೀಪರ್, ನಾಲ್ಕು ಮೊಳೆಯಂತೆ 432. ಎಲ್ಲಕ್ಕೂ ಹೊಡೆಯಬೇಕಿಲ್ಲ, ನಾಲ್ಕೈದಕ್ಕೊಂದು ಸಾಕು ಅನ್ನಿ. ಆ ಮೊಳೆ ಇಲ್ಲಿ ಸುಲಭಕ್ಕೆ ಸಿಗಲ್ಲ. ನಾನು ಸ್ಟೇಪ್ಲರಿನ 10 ನಂಬರ್ ಪಿನ್ನನ್ನು ನಡುವೆ ಕತ್ತರಿಸಿ, ಸಿಕ್ಕಿದ ಎರಡು ಬಾಗಿದ ತುಂಡುಗಳನ್ನೇ ಮೊಳೆ ಮಾಡಿಕೊಂಡೆ. ಕೆಲಸವೇನೋ ಆಗುತ್ತದೆ. ಆದರೆ ಅರ್ಧ ಮಿಮೀ ತಂತಿ 87 ಪಟ್ಟು ಆದರೆ 43 ಮಿಮೀ, ಗುದ್ದಲಿ ಕಾವಿನಷ್ಟು ದಪ್ಪದ ಮೊಳೆ! ನಿಜ ಕಾಣಲಿ ಅಂತ ಹೊಡೆದ ಮೊಳೆಯೇ ಸುಳ್ಳು ಹೇಳುತ್ತದೆ. ಜೊತೆಗೆ ಮಲೆನಾಡಿನ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಮೊಳೆ ಸಡಿಲ ಆಗುತ್ತದೆ. ತಾಳ್ಮೆ ಇದ್ದು, ಜಾಗ ಒಣಗಿದ್ದು, ಒಂದೆರಡು ಅಡಿ ಸೈಡಿಂಗ್ ಮಾತ್ರ ಮಾಡುವವರಿಗೆ ಸರಿ.

ಬ್ರಿಟನ್ನಿನ ಪ್ಲಾಸ್ಟಿಕ್ ಕುರ್ಚಿ ಅಂಟಿಸುವ ಪದ್ಧತಿ ಬಹಳ ಚಂದ. ಆದರೆ ಅದು ಬುಲ್‌ಹೆಡ್ ಹಳಿಗೆ, ಅಂದರೆ ಮೇಲೂ ಕೆಳಗೂ ಗುಂಡಗಿರುವ ಹಳಿಗೆ. ನಮ್ಮ ಮೀಟರ್ ಗೇಜಿನದ್ದು ಚಪ್ಪಟೆ ಪಾದದ ಹಳಿ. ಇಂಗ್ಲಿಷ್ ಸ್ಟೇಷನ್ ಮಾಡುವವರು ನೋಡಿಕೊಳ್ಳಿ.

ಸಿಎಸ್‌ಟಿ-9 ಮಾಡಬೇಕು ಅನ್ನುವ ಪುಣ್ಯಾತ್ಮರು ಇದ್ದರೆ ತ್ರೀಡಿ ಪ್ರಿಂಟ್ ಒಂದೇ ಗತಿ. ಅದು ಸ್ಲೀಪರ್ ಅಂದರೂ ಅಡ್ಡ ತೊಲೆ ಅಲ್ಲ. ಎರಡು ಎರಕದ ಕಬ್ಬಿಣದ ತಟ್ಟೆ, ನಡುವೆ ಒಂದು ಪಟ್ಟಿ. ಜಲ್ಲಿ ತುಂಬಿದ ಮೇಲೆ ನಡುವೆ ಏನೂ ಇಲ್ಲದ ಹಾಗೆ ಕಾಣುತ್ತದೆ. ಯಾವ ಕಂಪನಿಯ ರೆಡಿ ಹಳಿಯಲ್ಲೂ ಆ ನೋಟ ಬರಲ್ಲ.

ನಾನು ನಿಂತದ್ದು ಎಲ್ಲಿ

ಬೆರಕೆಯಲ್ಲಿ. ಐದಕ್ಕೊಂದು ತಾಮ್ರದ ಸ್ಲೀಪರ್, ನಡುವೆ ನಾಲ್ಕು ಬೆಂಕಿಕಡ್ಡಿ. ತಮಾಷೆ ಅಲ್ಲ. ಬೆಂಕಿಕಡ್ಡಿ ಸುಮಾರು ಎರಡು ಮಿಮೀ ಚೌಕ, ಮದ್ದಿನ ತಲೆ ಕತ್ತರಿಸಿದರೆ ಒಂದು ಕಡ್ಡಿಗೆ ಹೆಚ್ಚುಕಡಿಮೆ ಎರಡು ಸ್ಲೀಪರ್. ಮರದ ಕಡ್ಡಿ ನೋಡಿ ತಗೊಳ್ಳಿ, ಮೇಣದ್ದಲ್ಲ. ಮೊದಲು ಕಡ್ಡಿಗಳನ್ನು ಅಂಟಿಸಿ, ತಾಮ್ರದ್ದಕ್ಕೆ ಜಾಗ ಬಿಟ್ಟು, ಫೆವಿಕಾಲ್ ಒಣಗಿದ ಮೇಲೆ ಮರಳು ಕಾಗದ ಸುತ್ತಿದ ಹಲಗೆ ತುಂಡಿನಿಂದ 1.6 ಮಿಮೀಗೆ ಉಜ್ಜಿ ಇಳಿಸುತ್ತೇನೆ. ಆಮೇಲೆ ತಾಮ್ರದ್ದು ಕೂರಿಸಿ, ಸೋಲ್ಡರ್ ಮಾಡಿ, ಅದರ ಮೇಲ್ಮೈಗೆ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಗೀರಿ ಬಣ್ಣ ಹೊಡೆದರೆ, ಐದರಲ್ಲಿ ಯಾವುದು ಯಾವುದು ಅಂತ ನನಗೇ ಗೊತ್ತಾಗಲ್ಲ. ಒಂದು ಮೀಟರಿಗೆ 22 ತಾಮ್ರದ್ದು ಸಾಕು. ಮೂರು ಗಂಟೆ ಕೆಲಸ.

ಪಾಯಿಂಟಿಗೆ ಮಾತ್ರ ಬೆರಕೆ ಬೇಡ, ಪೂರ್ತಿ ತಾಮ್ರ. ಅಲ್ಲಿ ಅರ್ಧ ಮಿಮೀ ಅಲುಗಿದರೂ ಗಾಡಿ ಬೀಳುತ್ತದೆ. ನಕ್ಷೆಗೆ ಟೆಂಪ್ಲಾಟ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಗೇಜ್, ಕೋನ, ಬಾಗು ಕೊಟ್ಟರೆ ಸ್ಲೀಪರ್ ಸಮೇತ ನಿಜ ಅಳತೆಯಲ್ಲಿ ಪ್ರಿಂಟ್ ಕೊಡುತ್ತದೆ. ಟಂಗ್ ರೈಲ್, ಅಂದರೆ ಗಾಡಿಯನ್ನು ಆ ಕಡೆ ಈ ಕಡೆ ತಿರುಗಿಸುವ ಚೂಪು ತುದಿಯ ಹಳಿ, ಅದನ್ನು ಅರೆಯುವುದೇ ದೊಡ್ಡ ಕೆಲಸ. ಮರದ ತುಂಡಿಗೆ ಹಳಿಯನ್ನು ಒತ್ತಿ ಹಿಡಿದು, ಚಪ್ಪಟೆ ಅರದಿಂದ ಒಂದೇ ದಿಕ್ಕಿಗೆ ಉಜ್ಜುತ್ತಾ, ಆಗಾಗ ಅದು ಒರಗುವ ಪಕ್ಕದ ಸ್ಟಾಕ್ ರೈಲಿಗೆ ತಾಗಿಸಿ ಉಗುರು ಓಡಿಸಿ ನೋಡಬೇಕು. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ಚಕ್ರವೂ ತಡೆಯುತ್ತದೆ. ಮೊದಲ ಪಾಯಿಂಟಿಗೆ ನನಗೆ ಆರು ಸಂಜೆ ಬೇಕಾಯಿತು, ಮೂರನೆಯದ್ದಕ್ಕೆ ಎರಡು. ನಾನು ಮಾಡಿದ್ದು 1:8½ ಕೋನದ್ದು. ಲೂಪಿಗೆ ಇಂಜಿನ್ ತಿರುಗುವ ವಿಡಿಯೊ ಅಣ್ಣನಿಗೆ ಕಳಿಸಿದೆ. "ಹಾಂ, ಈಗ ಸರಿ" ಅಂತ ಉತ್ತರ ಬಂತು, ಅಷ್ಟೇ. ಆದರೂ ಅವತ್ತು ನಿದ್ದೆ ಚೆನ್ನಾಗಿ ಬಂತು.

ಜಾಗ ಕಡಿಮೆ ಇದ್ದರೆ 1:6 ಮಾಡಿ, ನಾಚಿಕೆ ಏನಿಲ್ಲ, 12 ಡಿಗ್ರಿಗಿಂತ ಎಷ್ಟೋ ಮೇಲು. ಪಾಯಿಂಟ್ ಪೂರ್ತಿ ಕರೆಂಟ್ ಹರಿಯುವಂಥದ್ದು ಆದ್ದರಿಂದ ನಡುವಿನ ವಿ ತುಂಡಿಗೆ, ಹಳಿ ಬದಲಾದಾಗ ಕರೆಂಟೂ ಬದಲಾಗುವ ಹಾಗೆ, ಒಂದು ಸ್ಲೈಡ್ ಸ್ವಿಚ್ ಹಾಕಲೇಬೇಕು. ಅದೇ ಸ್ವಿಚ್ಚಿನ ಗುಂಡಿಗೆ ತಂತಿ ಕಟ್ಟಿ ಪಾಯಿಂಟನ್ನೂ ಎಳೆಯಬಹುದು, ಮೋಟರ್ ಬೇಡ.

ಹಾಗಾದರೆ ನಿಮಗೆ ಯಾವುದು? ಮನೆಯಲ್ಲಿ ಮಕ್ಕಳಿದ್ದು ರೈಲು ಓಡಿದರೆ ಸಾಕು ಅನ್ನುವವರು ರೆಡಿ ಹಳಿ ಹಾಕಿ, ಬಣ್ಣ ಹೊಡೆಯಿರಿ. ಸೋಲ್ಡರ್ ಬರಲ್ಲ ಆದರೆ ನೋಟ ಬೇಕು ಅನ್ನುವವರು ಟಿಟಿ ಹಳಿ ಬಿಡಿಸಿ ಜೋಡಿಸಿ. ಒಂದೇ ಒಂದು ಕೈಕೆಲಸ ಮಾಡುತ್ತೇನೆ ಅನ್ನುವವರು ಎದುರಿಗೆ ಕಾಣುವ ಒಂದು ಪಾಯಿಂಟು ಮಾಡಿ, ಉಳಿದದ್ದು ರೆಡಿ ಇರಲಿ. ಬ್ರಾಡ್ ಗೇಜಿಗೆ 19.26 ಹಿಡಿದವರಿಗೆ ಆಯ್ಕೆಯೇ ಇಲ್ಲ, ನಾಳೆಯೇ ಐರನ್ ತಗೊಳ್ಳಿ, ಗಾಡಿಗಳ ಚಕ್ರವನ್ನೂ ಅಗಲ ಮಾಡಬೇಕು ಅನ್ನುವುದು ಮರೆಯಬೇಡಿ. ನೋಡಿ ಅಳತೆ ತಗೊಳ್ಳಬೇಕು ಅಂದರೆ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಟೇಪ್ ಹಿಡಿದು ಹೋಗಿ. ಮೀಟರ್ ಗೇಜಿನಲ್ಲಿ ಗಾಡಿ ಓಡುವುದೇ ನೋಡಬೇಕು ಅಂದರೆ ಮೆಟ್ಟುಪಾಳ್ಯಂನಿಂದ ಊಟಿ ಹತ್ತಿ. ಎಲ್ಲರೂ ಇಂಜಿನ್ ಫೋಟೊ ತೆಗೆಯುವಾಗ ನೀವು ಬಗ್ಗಿ ಸ್ಲೀಪರ್ ಫೋಟೊ ತೆಗೆಯಿರಿ, ನಾಲ್ಕು ಜನ ನೋಡುತ್ತಾರೆ, ನೋಡಲಿ.

ಯಾವ ದಾರಿ ಹಿಡಿದರೂ ಜಲ್ಲಿ ಒಂದೇ. ವಿದೇಶದ ಪೊಟ್ಟಣ ಬೇಡ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರೆ ಒಂದು ಹಿಡಿ ಎಂ-ಸ್ಯಾಂಡ್ ಕೇಳಿ ತನ್ನಿ. ನಮ್ಮ ಜಲ್ಲಿಯೂ ಗ್ರಾನೈಟು, ಅದೂ ಗ್ರಾನೈಟಿನ ಪುಡಿಯೇ, ಬಣ್ಣ ತಾನಾಗಿ ಹೊಂದುತ್ತದೆ. ರೈಲ್ವೆ ಜಲ್ಲಿ 20ರಿಂದ 65 ಮಿಮೀ, ಅಂದರೆ ನಮಗೆ ಬೇಕಾದ್ದು ಕಾಲಿನಿಂದ ಮುಕ್ಕಾಲು ಮಿಮೀ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಧೂಳು ತೊಳೆದು, ಒಣಗಿಸಿ, ಮ್ಯಾಗ್ನೆಟ್ ಆಡಿಸಿ. ಕಬ್ಬಿಣದ ಚೂರು ಉಳಿದರೆ ಇಂಜಿನ್ ಮೋಟರಿಗೆ ಹೋಗಿ ಅಂಟುತ್ತದೆ. ಹಳಿ ತುಂಡುಗಳ ನಡುವೆ ಒಂದು ಮೀಟರಿಗೆ ಕಾಲು ಮಿಮೀ ಸಂದಿ ಬಿಟ್ಟ ಮೇಲೆಯೇ ಜಲ್ಲಿ ಸುರಿಯಿರಿ, ಏಪ್ರಿಲ್ ಬಿಸಿಲಿಗೆ ಹಳಿ ಹಿಗ್ಗುತ್ತದೆ. ಸೈಡಿಂಗಿನಲ್ಲಿ ಜಲ್ಲಿ ಕಡಿಮೆ, ಕೆಂಪು ಮಣ್ಣು ಜಾಸ್ತಿ ಇರಲಿ.

ಟೀ ಜಾಲರಿ, ಬೆಂಕಿಪೊಟ್ಟಣ, ಹಲ್ಲುಜ್ಜುವ ಬ್ರಷ್ಷು, ಈ ಮೂರನ್ನೂ ಅಂಗಡಿಯಿಂದ ಹೊಸದೇ ತನ್ನಿ. ಮನೆಯದ್ದು ಮುಟ್ಟಿ ನಾನು ಬೈಸಿಕೊಂಡದ್ದು ಸಾಕು.